ನಿಂತ ನಾದ, ಚಲಿಸುವ ನಾದ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಸಂಗೀತ ಪಾಠ ನಡೆಯುವ ಮನೆಯ ಮುಂದೆ ಸಂಜೆ ಹಾದುಹೋದರೆ, ಮಕ್ಕಳ ದನಿಯ ಹಿಂದೆ ಒಂದೇ ಸಮನೆ ಮೊರೆಯುವ ನಾದ ಕೇಳಿಸುತ್ತದೆ. ಬಹುಮಟ್ಟಿಗೆ ಅದು ಎಲೆಕ್ಟ್ರಾನಿಕ್ ತಂಬೂರಿಯದು. ಬೀದಿ ಮೂಲೆಯ ವಿದ್ಯುತ್ ಪರಿವರ್ತಕವೂ ಒಂದೇ ಸಮನೆ ಗುಂಯ್‌ಗುಡುತ್ತದೆ. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಜ್. ಪರಿವರ್ತಕದ ನಾದದ ಮೂಲ ಆವೃತ್ತಿ ಅದರ ಎರಡರಷ್ಟು, ಅಂದರೆ 100 ಹರ್ಟ್ಜ್. ಒಂದು ಸಂಗೀತವೆನಿಸಿ ಇನ್ನೊಂದು ಕಿರಿಕಿರಿಯೆನಿಸುವುದೇಕೆ?

ಉತ್ತರ ಮರದ ತಂಬೂರಿಯ ಕುದುರೆಯಲ್ಲಿದೆ. ಅದರ ಮೇಲ್ಮೈ ಅಗಲವಾಗಿದ್ದು ತುಸು ಬಾಗಿರುತ್ತದೆ. ತಂತಿಯಡಿ ಎಳೆದಾರ ಸಿಕ್ಕಿಸಿದರೆ, ಕಂಪಿಸುವ ತಂತಿ ಕುದುರೆಯನ್ನು ಮತ್ತೆ ಮತ್ತೆ ಸವರುತ್ತದೆ. ಇದೇ ಜವಾರಿ. ಆಗ ಮೂಲ ಆವೃತ್ತಿಯ ಎರಡು, ಮೂರು, ನಾಲ್ಕು ಪಟ್ಟಿನ ಮೇಲುಸ್ವರಗಳು ಬಲಗೊಂಡು, ಏರಿಳಿಯುತ್ತ ಕೇಳಿಸುತ್ತವೆ. ಮೀಟಿದ ಜಾಗದಲ್ಲಿ ನಿಸ್ಪಂದ ಬಿಂದುವಿರುವ ಮೇಲುಸ್ವರ ಹುಟ್ಟಬಾರದೆಂಬುದು ಸಾಮಾನ್ಯ ತಂತಿಯ ನಿಯಮ. ತಂಬೂರಿ, ವೀಣೆಗಳು ಆ ನಿಯಮ ಮೀರುತ್ತವೆಂದು ಸಿ.ವಿ. ರಾಮನ್ 1921ರಲ್ಲಿ ತೋರಿಸಿದರು. ನಿಂತಂತೆ ತೋರುವ ನಾದ ಒಳಗೇ ಚಲಿಸುತ್ತಿರುತ್ತದೆ.

ಈ ಚಲನೆಯನ್ನೇ ಪಶ್ಚಿಮದ ಬ್ರಯಾನ್ ಈನೊ ಬೇರೆ ದಾರಿಯಲ್ಲಿ ಸಾಧಿಸಿದರು. 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಆಂಬಿಯೆಂಟ್ ಸಂಗೀತಕ್ಕೆ, ಅಂದರೆ ಪರಿಸರದಲ್ಲಿ ಬೆರೆಯುವ ಸಂಗೀತಕ್ಕೆ, ಹೆಸರು ತಂದ ಕೃತಿ. ಅದರ ಒಂದು ಭಾಗದಲ್ಲಿ ಗಾಯಕಿಯರ ಬಿಡಿ ಸ್ವರಗಳು ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳಲ್ಲಿ ಸುತ್ತುತ್ತವೆ. ಉದಾಹರಣೆಗೆ, 20 ಮತ್ತು 23 ಸೆಕೆಂಡಿನ ಎರಡು ಸುರುಳಿಗಳು ಒಟ್ಟಿಗೆ ಹೊರಟರೆ ಮತ್ತೆ ಜೊತೆಗೂಡುವುದು 460 ಸೆಕೆಂಡಿನ ನಂತರ. ಲಘುತಮ ಸಾಮಾನ್ಯ ಅಪವರ್ತ್ಯವೇ ಇಲ್ಲಿ ಸಂಗೀತಗಾರ! ಕೃತಿ ಸುಂದರವಾಗಿದೆ. ಆದರೆ ಗಮನ ಕೊಡದಿದ್ದರೂ ಸರಿ ಎನ್ನುವುದು ಅದರ ಧೋರಣೆ. ತಂಬೂರಿ ಹಾಗಲ್ಲ, ಹಾಡುವವರು ಅದಕ್ಕೆ ಕಿವಿಗೊಡಲೇಬೇಕು.

ಬೆಂಗಳೂರಿನ ಇಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಮೀಟುವವರಿಲ್ಲದ ಮನೆಗಳಿಗೂ ಇದರಿಂದ ಶ್ರುತಿ ದೊರೆಯಿತು. ಇದು ಸಣ್ಣ ಉಪಕಾರವಲ್ಲ. ಆದರೂ ಎರಡು ಆಕ್ಷೇಪಗಳಿವೆ. ಒಮ್ಮೆ ಮುದ್ರಿಸಿಕೊಂಡ ಮೀಟನ್ನೇ ಯಂತ್ರ ಮರಳಿ ಮರಳಿ ನುಡಿಸಿದರೆ ಪ್ರತಿ ಸುತ್ತೂ ತದ್ರೂಪಾಗಿ, ನಾದ ಪರಿವರ್ತಕದ ಕಡೆಗೆ ಜಾರುತ್ತದೆ. ಎರಡನೆಯದು ಹೆಚ್ಚು ಗಂಭೀರ: ಗುಂಡಿ ಒತ್ತಿದೊಡನೆ ಶ್ರುತಿ ಸಿಕ್ಕರೆ, ಶ್ರುತಿ ಸೇರಿಸುವ ಕಿವಿ ಬೆಳೆಯುವುದು ಯಾವಾಗ?

ಪರಿಹಾರ ಯಂತ್ರವನ್ನು ಬಿಡುವುದಲ್ಲ. ತರಗತಿಯಲ್ಲಿ ಎರಡು ಮೊಬೈಲ್‌ಗಳಿಂದ 200 ಮತ್ತು 202 ಹರ್ಟ್ಜ್ ಸ್ವರಗಳನ್ನು ಒಟ್ಟಿಗೆ ಹೊರಡಿಸಿ. ಸೆಕೆಂಡಿಗೆ ಎರಡು ವಿಸ್ಪಂದಗಳು ಕೇಳಿಸುತ್ತವೆ. ಒಂದರ ಆವೃತ್ತಿಯನ್ನು ನಿಧಾನವಾಗಿ ಬದಲಿಸುತ್ತ, ವಿಸ್ಪಂದ ಕರಗುವ ಕ್ಷಣವನ್ನು ವಿದ್ಯಾರ್ಥಿಗಳು ಕಿವಿಯಿಂದಲೇ ಹಿಡಿಯಲಿ. ಆಮೇಲೆ ಅದೇ ಕಿವಿಯಿಂದ ತಂಬೂರಿಯನ್ನೂ ಈನೊ ಕೃತಿಯನ್ನೂ ಕೇಳಲಿ.