ಕೊಡಲಿಯ ಕಾವು: ಗಾದೆಯ ಅರ್ಥ ಮತ್ತು ಕಸುಬಿನ ಅರಿವು

ಕನ್ನಡದ ಗಾದೆಗಳಲ್ಲಿ ‘ಕುಲಕ್ಕೆ ಮೃತ್ಯು ಕೊಡಲಿ ಕಾವು’ ಎಂಬುದು ವ್ಯಾಪಕ ಬಳಕೆಯಲ್ಲಿರುವ ಮಾತು. ‘ಮೃತ್ಯು’ವಿನ ಬದಲು ‘ಸಾವು’ ಎಂಬ ಪಾಠವೂ ಉಂಟು. ಕಬ್ಬಿಣದ ಅಲಗು ತಾನೊಂದೇ ಮರವನ್ನು ಕಡಿಯಲಾರದು. ಮರದ ಕುಲದ್ದೇ ಒಂದು ತುಂಡು ಕಾವಾಗಿ ಅದರೊಡನೆ ಸೇರಿದಾಗ ಇಡೀ ಕುಲಕ್ಕೆ ಕೇಡು ಬರುತ್ತದೆ ಎಂಬುದು ಇದಕ್ಕೆ ರೂಢಿಯಲ್ಲಿರುವ ವಿವರಣೆ. ಮನೆತನದ ಒಡಕು, ಪಕ್ಷಾಂತರ, ಸ್ವಜನದ್ರೋಹ ಮುಂತಾದ ಸಂದರ್ಭಗಳಲ್ಲೆಲ್ಲ ಗಾದೆಯು ಇದೇ ಅರ್ಥದಲ್ಲಿ ಪ್ರಯೋಗವಾಗುತ್ತದೆ. ಹೀಗೆ ನೀತಿಯನ್ನು ಮಾತ್ರ ಎತ್ತಿಕೊಂಡಾಗ ಕಾವು ಎಂಬ ವಸ್ತುವು ವಿವೇಚನೆಯಿಂದ ಹೊರಗುಳಿಯುತ್ತದೆ. ಕಾವು ಯಾವ ಮರದ್ದು, ಅದನ್ನು ಆರಿಸುವವರು ಯಾರು, ಅದು ಅಲಗಿನೊಡನೆ ಕೂಡುವ ಬಗೆ ಯಾವುದು ಎಂಬ ಪ್ರಶ್ನೆಗಳು ಏಳುವುದಿಲ್ಲ. ಅವುಗಳನ್ನು ಎತ್ತಿಕೊಂಡರೆ ಗಾದೆಯ ಅರ್ಥವು ಬೇರೊಂದು ದಿಕ್ಕಿಗೆ ಹೊರಳುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ವಿವೇಚನೆಗೆ ಹಾಸನ ತಾಲ್ಲೂಕಿನ ಶಾಂತಿಗ್ರಾಮ ಸೀಮೆಯು ತಕ್ಕ ನೆಲೆಯಾಗಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರಿನೊಡನೆ ಬೆಸೆದುಕೊಂಡಿರುವ ಈ ಊರು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿದೆ. ಪಶ್ಚಿಮಕ್ಕೆ ಆಲೂರು, ಸಕಲೇಶಪುರಗಳ ಮಲೆನಾಡು. ಪೂರ್ವಕ್ಕೆ ಚನ್ನರಾಯಪಟ್ಟಣದ ಬಯಲುಸೀಮೆ. ದಕ್ಷಿಣಕ್ಕೆ ಹೊಳೆನರಸೀಪುರ, ಅರಕಲಗೂಡುಗಳ ಹೇಮಾವತಿ ಪ್ರದೇಶ. ದಟ್ಟ ಕಾಡಿನ ನಾಡೂ ಅಲ್ಲದ, ಮರವಿಲ್ಲದ ಬಯಲೂ ಅಲ್ಲದ ಇಂಥ ನಡುಸೀಮೆಯಲ್ಲಿ ಕಾವಿಗೆ ತಕ್ಕ ಮರವನ್ನು ಗುರುತಿಸುವುದು ಬೇಸಾಯದ ತಿಳಿವಳಿಕೆಯ ಒಂದು ಅಂಗ.

ಕಾವು ಎಂಬ ಪದ

ಟಿ. ಬರೋ ಮತ್ತು ಎಂ.ಬಿ. ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು (1961, ಎರಡನೆಯ ಆವೃತ್ತಿ 1984) ಕನ್ನಡದ ಕಾವು, ತಮಿಳಿನ ಕಾಂಪು, ತೆಲುಗಿನ ಕಾಮ ಎಂಬ ಪದಗಳನ್ನು ಒಂದೇ ಗುಂಪಿನಲ್ಲಿ ಇರಿಸುತ್ತದೆ. ಈ ಪದಗಳು ಗಿಡದ ದಂಟನ್ನೂ ಹೇಳುತ್ತವೆ, ಉಪಕರಣದ ಹಿಡಿಯನ್ನೂ ಹೇಳುತ್ತವೆ. ಬಿಸಿ ಎಂಬ ಅರ್ಥದ ಕಾವು ಬೇರೆಯೇ ಪದ. ಜೀವಂತ ಕಾಂಡಕ್ಕೂ ಕಡಿದು ಹದಗೊಳಿಸಿದ ದಂಡಕ್ಕೂ ಒಂದೇ ಹೆಸರಿರುವುದರಿಂದ ಗಾದೆಯಲ್ಲಿನ ‘ಕುಲ’ದ ಕಲ್ಪನೆ ಹೊರಗಿನಿಂದ ಬಂದುದಲ್ಲ; ಅದು ‘ಕಾವು’ ಎಂಬ ಪದದೊಳಗೇ ಅಡಗಿದೆ. ಇದೇ ಭಾಗಕ್ಕೆ ‘ಹಿಡಿ’ ಎಂಬ ಹೆಸರೂ ಸಲ್ಲುತ್ತದೆ. ‘ಹಿಡಿ’ ಎಂದಾಗ ಹಿಡಿಯುವ ಕೈ ನೆನಪಾಗುತ್ತದೆ. ‘ಕಾವು’ ಎಂದಾಗ ಬೆಳೆದ ಮರ ನೆನಪಾಗುತ್ತದೆ. ಗಾದೆಯು ‘ಕಾವು’ ಎಂಬುದನ್ನು ಆರಿಸಿಕೊಂಡಿತು. ಹಾಗೆ ಆರಿಸಿಕೊಂಡ ಕ್ಷಣದಲ್ಲೇ ಕೊಡಲಿ ಬೀಸುವ ಕೈಯು ಮಾತಿನಿಂದ ಮರೆಯಾಯಿತು ಎಂಬುದು ಇಲ್ಲಿ ಗಮನಾರ್ಹ.

ಮೇಲಿನಿಂದ ತೂರುವ ಕಾವು

ಅಲಗಿಗೆ ಕಾವನ್ನು ಕೂಡಿಸುವುದರಲ್ಲಿ ಎರಡು ಮುಖ್ಯ ಕ್ರಮಗಳಿವೆ. ಒಂದರಲ್ಲಿ ಕಾವಿನ ತುದಿಯನ್ನು ಅಲಗಿನ ತೂತಿಗೆ ಕೆಳಗಿನಿಂದ ಸೇರಿಸಿ, ಆ ತುದಿಯನ್ನು ಸೀಳಿ, ಬೆಣೆ ಬಡಿದು ಬಿಗಿಗೊಳಿಸಲಾಗುತ್ತದೆ. ಇನ್ನೊಂದರಲ್ಲಿ ಬೆಣೆಯೇ ಇಲ್ಲ. ಕಾವಿನ ಒಂದು ತುದಿಯನ್ನು ದಪ್ಪವಾಗಿಯೇ ಉಳಿಸಿ, ತೆಳುವಾದ ತುದಿಯನ್ನು ಮೇಲಿನಿಂದ ತೂರಿ ಎಳೆದರೆ ದಪ್ಪ ತುದಿಯು ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಪಿಕಾಸಿಯಲ್ಲಿ ಇಂದಿಗೂ ಕಾಣುವುದು ಈ ಎರಡನೆಯ ಕ್ರಮ. ಕೊಡಲಿಯಲ್ಲೂ ಈ ಜಾತಿ ಉಂಟು. ಉತ್ತರ ಅಮೆರಿಕದ ಮೂಲನಿವಾಸಿಗಳ ಕೈಸೇರಿದ ಟೊಮಾಹಾಕ್ ಎಂಬ ಕಿರುಗೊಡಲಿಯಲ್ಲೂ ಇದೇ ಕ್ರಮ ಬಳಕೆಯಲ್ಲಿತ್ತು.

ಈ ಕ್ರಮದ ಗುಣ ಅದರ ಸರಳತೆಯಲ್ಲಿದೆ. ಕೊಡಲಿಯನ್ನು ಬೀಸಿದಾಗ ಅಲಗು ಹೊರಮುಖವಾಗಿ, ಎಂದರೆ ಕಾವಿನ ದಪ್ಪ ತುದಿಯ ಕಡೆಗೇ, ಸರಿಯಲು ಎಳಸುತ್ತದೆ. ಆದುದರಿಂದ ಬೀಸಿದಷ್ಟೂ ಬಿಗಿ ಹೆಚ್ಚುತ್ತದೆ. ಬೆಣೆಯ ಕೊಡಲಿ ಸಡಿಲಗೊಂಡರೆ ಅಲಗು ಹಾರಿಹೋಗುವ ಅಪಾಯವುಂಟು. ಇಲ್ಲಿ ದಪ್ಪ ತುದಿಯೇ ತಡೆ. ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದರೆ ದಪ್ಪ ತುದಿಯನ್ನು ಕೆಳಮುಖವಾಗಿಸಿ ಕಲ್ಲಿಗೆ ಕುಟ್ಟಿದರೆ ಸಾಕು, ಅಲಗು ಮತ್ತೆ ಕಚ್ಚುತ್ತದೆ. ಹಿಡಿಯುವ ತುದಿಯನ್ನು ನೆಲಕ್ಕೆ ಕುಟ್ಟಿದರೆ ಅಲಗು ಕಳಚಿ ಬರುತ್ತದೆ. ಅದನ್ನಷ್ಟೇ ಕುಲುಮೆಗೆ ಒಯ್ಯಬಹುದು. ಕೆಲಸದ ನಡುವೆ ಕಾವು ಮುರಿದರೆ ಇನ್ನೊಂದನ್ನು ಕಾಡಿನಲ್ಲೇ, ಒಂದು ಮಚ್ಚಿನ ನೆರವಿನಿಂದ, ಸಿದ್ಧಪಡಿಸಬಹುದು.

ಕಾಡಿನಲ್ಲಿ ಕಾವಿನ ಆಯ್ಕೆ

ಹಳೆಯ ಮೈಸೂರು ಸೀಮೆಯ ಆಯಗಾರ ಪದ್ಧತಿಯಲ್ಲಿ ಕಮ್ಮಾರ, ಬಡಗಿ ಮೊದಲಾದವರಿಗೆ ಸುಗ್ಗಿಯಲ್ಲಿ ದವಸದ ರೂಪದ ಆಯ ಸಲ್ಲುತ್ತಿತ್ತು. ಅಲಗು ಕಮ್ಮಾರನ ಕುಲುಮೆಯಿಂದ ಬಂದರೂ ಕಾವನ್ನು ಬಳಸುವವನೇ ಹೊಂದಿಸಿಕೊಳ್ಳಬಹುದಾಗಿತ್ತು. ಹೊಂದಿಸಿಕೊಳ್ಳಲು ಮರದ ಗುಣ ತಿಳಿದಿರಬೇಕು. ದಿಂಡಿಗದ ಮರ ಗಡುಸು, ಪೆಟ್ಟು ತಾಳುವಂಥದು, ಜೆ.ಎಸ್. ಗ್ಯಾಂಬಲ್ ಅವರ ಭಾರತೀಯ ಮರಮುಟ್ಟುಗಳ ಕೈಪಿಡಿ (1881) ಅದರ ಉಪಯೋಗಗಳಲ್ಲಿ ಕೊಡಲಿಯ ಕಾವನ್ನೂ ಹೇಳುತ್ತದೆ. ತಡಸಲು ಬಾಗಿದರೂ ಮುರಿಯದ ಜಾತಿ. ಹೊಲದ ಬದುವಿನ ಜಾಲಿ, ಊರಮುಂದಿನ ಹುಣಸೆ ಕಾಡಿಗೆ ಹೋಗದೆಯೇ ಒದಗುವಂಥವು.

ಆರಿಸಬೇಕಾದದ್ದು ದೊಡ್ಡ ಮರವನ್ನಲ್ಲ, ನೆಟ್ಟಗೆ ಬೆಳೆದ ಎಳೆಯ ಕಾಂಡವನ್ನು. ಎಳೆಗಳು ಉದ್ದಕ್ಕೂ ತುಂಡಾಗದೆ ಹರಿದಿರಬೇಕು; ಗಂಟು ಇದ್ದ ಕಡೆ ಪೆಟ್ಟಿಗೆ ಮುರಿಯುತ್ತದೆ. ಬುಡದ ಕಡೆ ಸಹಜವಾಗಿಯೇ ದಪ್ಪವಿರುವುದರಿಂದ ಅದೇ ಅಲಗನ್ನು ತಡೆಯುವ ತುದಿಯಾಗುತ್ತದೆ. ಮರದ ಬೆಳವಣಿಗೆಯೇ ಕಾವಿನ ಆಕಾರವನ್ನು ಅರ್ಧ ರೂಪಿಸಿರುತ್ತದೆ. ಕೈಯ ಕೆಲಸ ಉಳಿದರ್ಧ. ತೊಗಟೆ ಸುಲಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ತುದಿ ಸೀಳುತ್ತದೆ. ಸೊಟ್ಟಗಿದ್ದರೆ ಬೆಂಕಿಯಲ್ಲಿ ಬಾಡಿಸಿ ನೆಟ್ಟಗೆ ಮಾಡಬಹುದು. ಕೂಳೆಯಿಂದ ಹಲವು ಚಿಗುರುಗಳು ಒತ್ತಾಗಿ ಎದ್ದಿರುವಲ್ಲಿ ಒಂದನ್ನು ತೆಗೆದರೆ ಉಳಿದವಕ್ಕೆ ಎಡೆ ದೊರೆಯುತ್ತದೆ. ಇಂಥ ಆಯ್ಕೆಯಲ್ಲಿ ಕಾವು ಕುಲದ ಮೃತ್ಯುವಲ್ಲ. ಕುಲ ಮತ್ತೆ ಚಿಗುರಿದುದರ ಫಲ.

ಗಾದೆ ಬಿಟ್ಟ ಕೈ

ಕೊಡಲಿಯನ್ನು ಕುರಿತ ಇತರ ಮಾತುಗಳನ್ನು ಹೋಲಿಸಿದರೆ ಈ ಗಾದೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಉಗುರಿನಲ್ಲಿ ಹೋಗುವ ಚಿಗುರಿಗೆ ಕೊಡಲಿ ಬೇಡವೆಂಬ ಮಾತಾಗಲಿ, ತನ್ನ ಕಾಲಿನ ಮೇಲೆ ತಾನೇ ಕೊಡಲಿ ಹಾಕಿಕೊಂಡನೆಂಬ ನುಡಿಗಟ್ಟಾಗಲಿ ಬಳಸುವವನ ವಿವೇಕವನ್ನು ಪರೀಕ್ಷಿಸುತ್ತವೆ. ಅವುಗಳಲ್ಲಿ ತಪ್ಪು ಕೈಯದು. ಕಾವಿನ ಗಾದೆಯಲ್ಲಿ ಮಾತ್ರ ಹೊಣೆ ಮರದ ಮೇಲೆ ಬೀಳುತ್ತದೆ. ಈಸೋಪನ ಹೆಸರಿನಲ್ಲಿ ಬಂದಿರುವ ಕಥೆಗಳಲ್ಲೂ ಈ ಎರಡು ದೃಷ್ಟಿಗಳಿವೆ. ಒಂದು ಕಥೆಯಲ್ಲಿ ಕಡಿಯುವವನೇ ಬಂದು ಮರಗಳಲ್ಲಿ ಕಾವನ್ನು ಬೇಡುತ್ತಾನೆ. ಇನ್ನೊಂದರಲ್ಲಿ ದೂರು ತಂದ ಓಕ್ ಮರಗಳಿಗೆ ಸ್ಯೂಸ್ ದೇವತೆಯು, ಕಾವನ್ನು ಒದಗಿಸುವವರು ನೀವೇ ಎಂದು ಉತ್ತರಿಸುತ್ತಾನೆ. ಕನ್ನಡದ ಗಾದೆ ಎರಡನೆಯದಕ್ಕೆ ಹತ್ತಿರ.

ಹನ್ನೆರಡನೆಯ ಶತಮಾನದ ಶರಣ ಮೋಳಿಗೆಯ ಮಾರಯ್ಯನ ಕಾಯಕ ಕಟ್ಟಿಗೆ ಮಾರುವುದು. ಮೋಳಿಗೆ ಎಂದರೆ ಸೌದೆಯ ಹೊರೆ. ತಾನು ಹೊರಬಲ್ಲಷ್ಟು ಎಂಬುದೇ ಅಲ್ಲಿನ ಅಳತೆ. ಕೊಡಲಿ ಅಲ್ಲಿಯೂ ಇದೆ, ಕಾವೂ ಇದೆ. ಆದರೆ ಹೊರೆಯೇ ಕೈಗೆ ಮಿತಿಯನ್ನು ಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಸ್ಲೀಪರುಗಳಿಗಾಗಿ ಭಾರತದ ಕಾಡುಗಳು ಬಿದ್ದಾಗ ಈ ಮಿತಿಯೇ ಅಳಿಯಿತು. 1878ರ ಭಾರತೀಯ ಅರಣ್ಯ ಕಾಯಿದೆ ಕಾಡನ್ನು ಮೀಸಲು, ರಕ್ಷಿತ, ಗ್ರಾಮ ಅರಣ್ಯಗಳೆಂದು ವಿಂಗಡಿಸಿತು. ಮೀಸಲು ಕಾಡಿನಲ್ಲಿ ಅನುಮತಿಯಿಲ್ಲದೆ ಒಂದು ಕಾಂಡ ಕಡಿಯುವುದೂ ಅಪರಾಧವಾಯಿತು. ಕಾಡಿನ ರಕ್ಷಣೆಗೆ ಕಾಯಿದೆಯ ಅಗತ್ಯ ನಿರ್ವಿವಾದ. ಆದರೆ ಒಂದು ಕಾವಿಗೆ ಕಡಿಯುವ ಕೈಗೂ ಒಂದು ಕಾಡನ್ನೇ ಕಡಿಯುವ ಕೈಗೂ ಇರುವ ಭೇದವನ್ನು ಗಾದೆಯೂ ಹೇಳಲಿಲ್ಲ, ಅದನ್ನು ವ್ಯಾಖ್ಯಾನಿಸಿದವರೂ ಕೇಳಲಿಲ್ಲ.

ಸಮಾರೋಪ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮುಂತಾದ ಸಂಸ್ಥೆಗಳು ಹಳ್ಳಿಯ ಉಪಕರಣಗಳನ್ನು ಸಂರಕ್ಷಿಸಿರುವುದು ದೊಡ್ಡ ಕೆಲಸ. ಆದರೆ ವಸ್ತುಸಂಗ್ರಹಾಲಯವು ಕಾವಿನ ಆಕಾರವನ್ನು ಕಾಪಾಡಬಲ್ಲುದೇ ಹೊರತು ಕಾವಿಗೆ ತಕ್ಕ ಮರವನ್ನು ಗುರುತಿಸುವ ಕಣ್ಣನ್ನಲ್ಲ. ಗಾದೆಗಳ ಸಂಗ್ರಹ, ಉಪಕರಣಗಳ ಸಂಗ್ರಹ, ಕಸುಬಿನ ಪದಗಳ ಸಂಗ್ರಹ ಇವು ಬೇರೆ ಬೇರೆ ಕಪಾಟುಗಳಲ್ಲಿ ಉಳಿದಿರುವವರೆಗೆ ಗಾದೆಯ ಅರ್ಥ ಅರ್ಧವಾಗಿಯೇ ಉಳಿಯುತ್ತದೆ.

ಇಂದು ಕಬ್ಬಿಣದ ಕೊಳವೆಯನ್ನೇ ಕಾವಾಗಿ ಬೆಸೆದ ಕೊಡಲಿಗಳು ಬಂದಿವೆ. ಮರ ಉರುಳಿಸಲು ಯಂತ್ರದ ಗರಗಸವಿದೆ. ಅದರಲ್ಲಿ ಮರದ ತುಂಡು ಒಂದೂ ಇಲ್ಲ. ಕುಲದವರ ನೆರವಿಲ್ಲದೆಯೇ ಕುಲ ಉರುಳುತ್ತಿದೆ. ಗಾದೆಯು ಕಾವಿನ ಮೇಲೆ ಹೊರಿಸಿದ್ದ ಆರೋಪವನ್ನು ಈ ಸಂಗತಿಯೇ ಅಲ್ಲಗಳೆಯುತ್ತದೆ. ಮೃತ್ಯುವಿಗೆ ಕಾವು ಬೇಕಿರಲಿಲ್ಲ, ಮಿತಿಯರಿಯದ ಕೈ ಸಾಕಿತ್ತು.