ನಲ್ಲಿ ನಮಗಿರಲಿ, ಎದೆ ಮೂಳೆ ನಾಯಿಗಿರಲಿ

ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಮೈಸೂರು ರಸ್ತೆ ಬ್ಯಾಟರಾಯನಪುರದ ಪಾಪಣ್ಣ ಮಟನ್ ಸ್ಟಾಲ್ ಮುಂದೆ ಬೆಳಕು ಹರಿಯುವ ಮೊದಲೇ ಕ್ಯೂ ಬೆಳೆದಿರುತ್ತದೆ. ಟೀವಿಯವರು ಮೈಕು ಹಿಡಿದು ಕೆಜಿ ಎಷ್ಟಾಯಿತೆಂದು ಕೇಳುತ್ತಿರುತ್ತಾರೆ. ಮಧ್ಯಾಹ್ನಕ್ಕೆ ವಿಜಯನಗರದಿಂದ ಕೆಂಗೇರಿವರೆಗೆ ಗಲ್ಲಿಗಲ್ಲಿಯಲ್ಲೂ ಕುಕ್ಕರ್ ಕೂಗು. ಊಟ ಮುಗಿದ ಮೇಲೆ ತಟ್ಟೆಯಂಚಿನ ಮೂಳೆಯನ್ನೆಲ್ಲ ಒಂದು ಬೋಗುಣಿಗೆ ಬಳಿದು ಮನೆಯ ನಾಯಿಗೆ ಇಡುತ್ತಾರೆ. ಹಬ್ಬ ಅದಕ್ಕೂ ಆಗಲಿ ಎಂಬ ಪ್ರೀತಿಯಿಂದಲೇ ಇಡುತ್ತಾರೆ. ವರ್ಷವಿಡೀ ಆ ನಾಯಿ ತಿನ್ನುವ ಊಟಗಳಲ್ಲಿ ಅದಕ್ಕಿಂತ ಅಪಾಯದ್ದು ಇನ್ನೊಂದಿರಲಿಕ್ಕಿಲ್ಲ.

ಹಸಿ ಮೂಳೆ ಎಂದರೆ ಮಾತ್ರ ಇದೇ ಮನೆಯವರು ಹೌಹಾರುತ್ತಾರೆ. 'ಹಸೀದು ಕೊಟ್ರೆ ರಕ್ತದ ರುಚಿ ಹತ್ತುತ್ತೆ, ಆಮೇಲೆ ಮನೆಯವರನ್ನೇ ಕಚ್ಚುತ್ತೆ' ಎನ್ನುವ ಮಾತನ್ನು ರಾಜಾಜಿನಗರದಲ್ಲೂ ಕೇಳಿದ್ದೇನೆ, ನಾಗರಬಾವಿಯಲ್ಲೂ ಕೇಳಿದ್ದೇನೆ. ಅದಕ್ಕೆ ಯಾವ ಬುಡವೂ ಇಲ್ಲ. ಹೆದರಬೇಕಾದದ್ದು ಬೆಂದ ಮೂಳೆಗೆ. ಮೂಳೆಯೊಳಗೆ ಸುಣ್ಣದ ಅಂಶವನ್ನು ಹಿಡಿದಿಟ್ಟಿರುವುದು ಕೊಲಾಜೆನ್ ಎಂಬ ನಾರು. ಬೇಯಿಸಿದಾಗ ಆ ನಾರು ಕರಗಿ ಸಾರಿಗೆ ಇಳಿಯುತ್ತದೆ. ಕಾಲು ಸೂಪು ಆರಿದ ಮೇಲೆ ಹೆಪ್ಪುಗಟ್ಟುವುದು ಅದರಿಂದಲೇ. ನಾರು ಹೋದ ಮೂಳೆ ಒಣಕಡ್ಡಿಯ ಹಾಗೆ ಸಿಬಿರು ಸಿಬಿರಾಗಿ ಒಡೆಯುತ್ತದೆ, ಆ ಸಿಬಿರು ಕರುಳಿಗೆ ಚುಚ್ಚುತ್ತದೆ. ಸಾಲದ್ದಕ್ಕೆ ಮೂಳೆಗೆ ಅಂಟಿದ ಮಸಾಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುವಂಥವು. ಕಬಾಬಿನ ಮೂಳೆ, ಬಿರಿಯಾನಿ ಮೂಳೆ, ಪೆಟ್ ಶಾಪಿನಲ್ಲಿ ಪ್ಲಾಸ್ಟಿಕ್ ಸುತ್ತಿ ನೇತುಹಾಕಿದ ಸುಟ್ಟ ಮೂಳೆ, ಎಲ್ಲವೂ ಬೆಂದ ಮೂಳೆಗಳೇ.

ಹಾಗಾದರೆ ಹಸಿ ಮೂಳೆ ಕಣ್ಣುಮುಚ್ಚಿ ಕೊಡಬಹುದೇ? ಇಲ್ಲ. ನಾಯಿಗೆ ಹಸಿ ಮೂಳೆ ಕೊಡಬೇಕೆಂಬ ವಾದವನ್ನು ಜಗತ್ತಿಗೆ ಹಬ್ಬಿಸಿದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್, 1993ರ ತಮ್ಮ ಪುಸ್ತಕದಿಂದ. ಆ ಪಂಥದವರು ಮೆಚ್ಚುವುದು ದನದ ದೊಡ್ಡ ಕೀಲುಮೂಳೆ, ನಾಯಿಯ ತಲೆಗಿಂತ ದಪ್ಪದ್ದು, ಕೆರೆದು ಕೆರೆದು ತಿನ್ನುವಂಥದ್ದು. ನಮ್ಮಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ, ಅಂಥ ಮೂಳೆಯ ಮಾತೇ ಇಲ್ಲ. ಮಾಗಡಿ ರಸ್ತೆಯ ಅಂಗಡಿಗಳಲ್ಲಿ ನೇತಾಡುವುದು ಕುರಿ, ಮೇಕೆ, ಕೋಳಿ. ಅವನ್ನು ಕಡಿಯುವುದು ನಮ್ಮ ಸಾರಿನ ಅಳತೆಗೆ. ಈ ಊರಿನಲ್ಲಿ ನಾಯಿಯ ಗಂಟಲಿಗೆ ಒಲೆಯಷ್ಟೇ ದೊಡ್ಡ ಶತ್ರು ಅಂಗಡಿಯವನ ಮಚ್ಚು ಎನ್ನುವುದು ನನ್ನ ತಕರಾರು.

ಒಮ್ಮೆ ನಿಂತು ನೋಡಿ. ಹುಣಸೆ ಮರದ ಕೊರಡಿನ ಮೇಲೆ ತೊಡೆ ಇಟ್ಟು ಕೈ ಎತ್ತಿ ಹೊಡೆದರೆ ನಲ್ಲಿ ಎರಡಾಗುತ್ತದೆ. ತುಂಡಿನ ಒಂದು ಅಂಚು ನುಣ್ಣಗೆ, ಇನ್ನೊಂದು ಅಂಚು ಗರಗಸದ ಹಲ್ಲು. ಮಚ್ಚು ಸ್ವಲ್ಪ ಮೊಂಡಾಗಿದ್ದರೆ ಮೂಳೆ ಉದ್ದಕ್ಕೆ ಸೀಳುತ್ತದೆ, ಪುಡಿ ಚೂರು ಕೊರಡಿನ ಮೇಲೆ ಹರಡುತ್ತದೆ. ನಮಗೆ ಅದು ತೊಂದರೆಯಲ್ಲ. ತೊಳೆಯುವಾಗ ಹೋಗುತ್ತದೆ, ಉಳಿದರೆ ಬಾಯಿಂದ ತೆಗೆದಿಡುತ್ತೇವೆ. ನಾಯಿ ತೆಗೆದಿಡುವುದಿಲ್ಲ. ಒಂದೂವರೆ ಇಂಚಿನ ತುಂಡು ಅಗಿಯುವಷ್ಟು ದೊಡ್ಡದೂ ಅಲ್ಲ, ನುಂಗಿದರೆ ಸರಾಗ ಇಳಿಯುವಷ್ಟು ಚಿಕ್ಕದೂ ಅಲ್ಲ. ಅನ್ನನಾಳದಲ್ಲಿ ಅದು ಸಿಕ್ಕಿಕೊಳ್ಳುವ ಜಾಗಗಳು ಮೂರು: ಕತ್ತು ಮುಗಿದು ಎದೆಗೂಡು ಶುರುವಾಗುವಲ್ಲಿ, ಹೃದಯದ ಮೇಲುಭಾಗದಲ್ಲಿ, ವಪೆಗಿಂತ ಸ್ವಲ್ಪ ಮೊದಲು.

ವಿಜಯನಗರದಲ್ಲಿ ನಾನು ಹೋಗುವ ಅಂಗಡಿಯಾತ ಈಗ ತಾನಾಗಿಯೇ ಕೇಳುತ್ತಾನೆ: 'ಮೂಳೆ ಯಾರಿಗೆ ಸಾರ್, ಮನೆಗೋ ನಾಯಿಗೋ?' ನಾಯಿಗೆ ಎಂದರೆ ಮಚ್ಚು ಕೆಳಗಿಟ್ಟು ಚಾಕು ತೆಗೆದುಕೊಳ್ಳುತ್ತಾನೆ. ಎಳೆ ಮರಿಯ ಎದೆ ಭಾಗವನ್ನು ಕಡಿಯದೆ, ಕೀಲಿನ ಸಂದಿನಲ್ಲಿ ಕೊಯ್ದು, ಅಂಗೈಗಿಂತ ದೊಡ್ಡ ಒಂದೇ ತುಂಡಾಗಿ ಬಿಡಿಸಿಕೊಡುತ್ತಾನೆ. ಎದೆ ಮೂಳೆ ಬಹುಪಾಲು ಮೆತ್ತನೆಯ ಎಳೆ ಮೂಳೆ, ಸುತ್ತ ಮಾಂಸ, ಪೊರೆ. ನಾಯಿ ಅದನ್ನು ಮುಂಗಾಲುಗಳ ನಡುವೆ ಹಿಡಿದು ಪಕ್ಕದ ಹಲ್ಲಿನಿಂದ ಕತ್ತರಿಸುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಬನ್ನೂರು ಕುರಿ ಎಂದು ಬೋರ್ಡು ಹಾಕಿದವರೆಲ್ಲ ಬನ್ನೂರು ಕುರಿಯನ್ನೇ ಕೊಡುತ್ತಾರೋ ಇಲ್ಲವೋ, ನಾಯಿಗೆ ಅದು ಬೇಕಿಲ್ಲ. ಮರಿ ಎಳೆಯದಾಗಿರಬೇಕು, ಅಷ್ಟೇ. ತುಂಡು ನಾಯಿಯ ಮೂತಿಗಿಂತ ದೊಡ್ಡದಿರಬೇಕು.

ನಲ್ಲಿ ಮೂಳೆ ಬೇಡ. ನಾಯಿಗೆ 42 ಹಲ್ಲು. ಅವುಗಳಲ್ಲಿ ಕತ್ತರಿಯ ಕೆಲಸ ಮಾಡುವುದು ಮೇಲಿನ ನಾಲ್ಕನೇ ಮುಂದವಡೆ ಹಲ್ಲು ಮತ್ತು ಕೆಳಗಿನ ಮೊದಲ ದವಡೆ ಹಲ್ಲು. ನಮ್ಮ ದವಡೆ ಹಲ್ಲಿನ ಎನಾಮಲ್ ಎರಡು ಮಿಲಿಮೀಟರ್ ದಾಟಿದ್ದರೆ ನಾಯಿಯದು ಒಂದರೊಳಗೆ. ಪ್ರಾಣಿಯ ಭಾರ ಹೊತ್ತ ಕಾಲಿನ ಮೂಳೆ ಕಚ್ಚಿದರೆ ಆ ಮೇಲಿನ ಹಲ್ಲಿನ ಹೊರಮೈ ಚಪ್ಪಡಿಯಾಗಿ ಹಾರುತ್ತದೆ. ಕೆಲವು ತಿಂಗಳ ನಂತರ ಕಣ್ಣಿನ ಕೆಳಗೆ ಊತ ಕಂಡಾಗ ಮನೆಯವರು ಕಣ್ಣಿನ ಡ್ರಾಪ್ಸ್ ಹಾಕುತ್ತಿರುತ್ತಾರೆ, ಕೊಳೆಯುತ್ತಿರುವುದು ಹಲ್ಲಿನ ಬೇರು. ಇನ್ನು ಉಂಗುರದಂತೆ ಕತ್ತರಿಸಿದ ನಲ್ಲಿ ಕೆಳದವಡೆಗೆ ಬಳೆಯಾಗಿ ತೊಡಿಸಿಕೊಂಡು, ಕೋರೆಹಲ್ಲಿನ ಹಿಂದೆ ಸಿಕ್ಕಿಬಿಟ್ಟರೆ ಅರಿವಳಿಕೆ ಕೊಟ್ಟು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಒಳಗಿನ ಮಜ್ಜೆಯಂತೂ ಬರೀ ಕೊಬ್ಬು. ಮೇದೋಜೀರಕ ಗ್ರಂಥಿಯ ತೊಂದರೆ ಇರುವ ನಾಯಿಗೆ ಅದು ವಿಷ. ಕಾಲು ಕೂಡ ಬೇಡ. 'ತಲೆ ಕಾಲು ಸುಟ್ಟು ಕೊಡಲಾಗುವುದು' ಎಂಬ ಬೋರ್ಡಿನ ಕೆಳಗೆ ಸಿಗುವ ಕಾಲನ್ನು ಹಸಿ ಎಂದು ಕರೆಯುವುದೇ ಕಷ್ಟ, ಬೆಂಕಿ ಎಲ್ಲಿವರೆಗೆ ಹೋಗಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಕೋಳಿ ವಿಚಾರದಲ್ಲಿ ನನಗೂ ಹಲವು ಶ್ವಾನಪ್ರಿಯರಿಗೂ ಜಗಳವಿದೆ. ಬ್ರಾಯ್ಲರ್ ಸುಮಾರು ಆರು ವಾರದ ಹಕ್ಕಿ, ಮೂಳೆ ಮೆದು. ನಾಟಿ ಕೋಳಿಯದು ಬಲಿತ ಮೂಳೆ, ಹಸಿಯಿದ್ದರೂ ಚೂಪಾಗಿ ಮುರಿಯುತ್ತದೆ. ಅದಕ್ಕೇ ಎಲ್ಲರೂ ಬ್ರಾಯ್ಲರ್ ಕತ್ತನ್ನು ಶಿಫಾರಸು ಮಾಡುತ್ತಾರೆ. ಅಗ್ಗ ಬೇರೆ. ಆದರೆ 2018ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಹಿಂಗಾಲಿನಿಂದ ಶುರುವಾಗಿ ಮೈಯೆಲ್ಲ ಸೋಲುವ ಒಂದು ನರರೋಗದ 27 ನಾಯಿಗಳನ್ನು, ಆ ರೋಗವಿಲ್ಲದ 47 ನಾಯಿಗಳ ಜೊತೆ ಹೋಲಿಸಿ ನೋಡಿದರು. ಹಸಿ ಕೋಳಿ ತಿಂದ ನಾಯಿಗಳಲ್ಲಿ ಅಪಾಯ 70 ಪಟ್ಟಿಗೂ ಹೆಚ್ಚು ಕಂಡಿತು. ಅನುಮಾನ ಹೋದದ್ದು ಕೋಳಿ ಮಾಂಸದಲ್ಲಿ ಸಾಮಾನ್ಯವಾದ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಮೇಲೆ. ರೋಗ ಅಪರೂಪದ್ದೇ ಇರಬಹುದು. ಎಳೆ ಮರಿಯ ಎದೆ ಮೂಳೆ ಸಿಗುವ ಊರಿನಲ್ಲಿ ಕೋಳಿ ಕತ್ತಿಗೆ ನಾನು ಜಾಗ ಕೊಡುವುದಿಲ್ಲ.

ಎಲ್ಲ ನಾಯಿಗೂ ಮೂಳೆ ಸಲ್ಲದು. '777 ಚಾರ್ಲಿ' ಬಂದ ಮೇಲೆ ಲ್ಯಾಬ್ರಡಾರ್ ಮೇಲಿನ ಮೋಹ ಇನ್ನೂ ಏರಿದೆ. ಲ್ಯಾಬ್ ಅಗಿಯುವ ಜಾತಿಯಲ್ಲ, ನುಂಗುವ ಜಾತಿ. 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಕೊಂಡ ಹಾಗೆ ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹಸಿವು ತಣಿಯದಂತೆ ಮಾಡುವ ಜೀನಿನ ದೋಷವಿದೆ. ಅಂಥದ್ದಕ್ಕೆ ಹೊಟ್ಟೆ ತುಂಬಾ ಊಟ ಹಾಕಿದ ಮೇಲೆ, ಮೂಳೆಯ ಒಂದು ತುದಿಯನ್ನು ನೀವೇ ಹಿಡಿದುಕೊಂಡು ಕೊಡಬೇಕು. ಪೊಮೆರೇನಿಯನ್, ಶಿಟ್ಜುಗಳ ಗಂಟಲು ಕಿರಿದು, ಹಲ್ಲು ಇಕ್ಕಟ್ಟು. ಅವಕ್ಕೆ ಬೇಡವೇ ಬೇಡ. ಹಾಲುಹಲ್ಲಿನ ಮರಿಗಳು, ಹಲ್ಲು ಸವೆದ ಮುದಿ ನಾಯಿಗಳು, ಮೂಳೆ ಕಂಡರೆ ಗುರ್ ಎನ್ನುವವು, ಇವುಗಳನ್ನೂ ಬಿಟ್ಟುಬಿಡಿ.

ಕೊಡುವುದಾದರೆ ವಾರಕ್ಕೊಮ್ಮೆ, ಇಪ್ಪತ್ತು ನಿಮಿಷ. ಎದುರಿಗೆ ಕೂತಿರಬೇಕು, ಫೋನ್ ಒಳಗಿರಬೇಕು. ಮೂಳೆ ಚಿಕ್ಕದಾಗುತ್ತ ಬಂದರೆ ಕೈಯಿಂದ ಕಿತ್ತುಕೊಳ್ಳಬೇಡಿ. ಕಿತ್ತರೆ ನಾಯಿ ಗಬಕ್ಕನೆ ನುಂಗುತ್ತದೆ. ಬೇಯಿಸಿದ ಮೊಟ್ಟೆಯ ಚೂರು ತೋರಿಸಿ ಬದಲಿ ಮಾಡಿಕೊಳ್ಳುವ ಅಭ್ಯಾಸವನ್ನು ಮರಿಯಿದ್ದಾಗಿನಿಂದಲೇ ಮಾಡಿಸಿ. ಟೆರೇಸಿನಲ್ಲಿ ಕೊಟ್ಟರೆ ಹದ್ದು ಎರಗುತ್ತದೆ, ಗೇಟಿನ ಹತ್ತಿರ ಕೊಟ್ಟರೆ ಬೀದಿ ನಾಯಿಗಳ ಸಂತೆ ಸೇರುತ್ತದೆ. ರಾಜಾಜಿನಗರ, ಬಸವೇಶ್ವರನಗರದಲ್ಲಿ ಮಾಂಸ ತಿನ್ನದ ಓನರ್ ಕೆಳಗಿನ ಮನೆಯಲ್ಲಿದ್ದರಂತೂ ಬಚ್ಚಲುಮನೆಯೇ ಗತಿ. ಒಂದು ಲೆಕ್ಕಕ್ಕೆ ಅದೇ ವಾಸಿ: ನೀರು, ಫಿನಾಯಿಲ್ ಎರಡೂ ಅಲ್ಲೇ ಇರುತ್ತವೆ. ಹಸಿ ಮೂಳೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ನಾಯಿಗೆ ಏನೂ ಆಗದೆ ಅದು ನೆಕ್ಕಿದ ಕೂಸಿಗೆ ಭೇದಿ ಹತ್ತಬಹುದು. ಮನೆಯಲ್ಲಿ ಹಸುಗೂಸು, ಬಸುರಿ, ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಈ ಅಂಕಣವನ್ನು ಇಲ್ಲಿಗೇ ಮಡಚಿಡಿ.

ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಹೋಗುತ್ತವೆ ಅಷ್ಟೇ. ಲಾಡಿಹುಳುವಿನ ಚೀಲಗಳು ಸಾಯುತ್ತವೆ; ಕುರಿಗಳ ದೇಶವಾದ ನ್ಯೂಜಿಲೆಂಡಿನಲ್ಲಿ ಮೈನಸ್ 10 ಡಿಗ್ರಿಯಲ್ಲಿ 10 ದಿನ ಎನ್ನುತ್ತಾರೆ. ಮೂಳೆಯ ಜೊತೆ ಅಂಗಡಿಯವನು ಪುಕ್ಕಟೆ ಹಾಕುವ ಹಸಿ ಶ್ವಾಸಕೋಶ, ಲಿವರ್ ಚೂರುಗಳನ್ನು ಮಾತ್ರ ಕೈ ಮುಗಿದು ವಾಪಸ್ ಕೊಡಿ. ಕುರಿಯ ಆ ಭಾಗಗಳಿಂದ ನಾಯಿಗೆ, ನಾಯಿಯಿಂದ ನಮಗೆ ದಾಟುವ ಹೈಡಾಟಿಡ್ ರೋಗ ನಮ್ಮ ಲಿವರಿನಲ್ಲೂ ನೀರುಗುಳ್ಳೆ ಬೆಳೆಸುತ್ತದೆ.

ಇಷ್ಟೆಲ್ಲ ಕಟ್ಟುಪಾಡಿನ ಮೂಳೆ ಏಕೆ ಬೇಕು? 'ನಾಯಿ ಎಂದರೆ ತೋಳ, ಮೂಳೆ ಅದರ ಹಕ್ಕು' ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ: ಪಿಷ್ಟ ಅರಗಿಸುವ ಜೀನು ತೋಳದಲ್ಲಿ ಎರಡು ಪ್ರತಿ, ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಹಳೇ ಮೈಸೂರಿನ ಹಿತ್ತಿಲಲ್ಲಿ ರಾಗಿಮುದ್ದೆ ಉಂಡು ಬೆಳೆದ ನಾಯಿಗಳನ್ನು ಕಂಡವರಿಗೆ ಇದು ಹೊಸ ಸುದ್ದಿಯೂ ಅಲ್ಲ. ಮೂಳೆಯ ಲಾಭ ಹಲ್ಲಿಗೆ. ಬ್ರೆಜಿಲ್‌ನಲ್ಲಿ ಎಂಟು ಬೀಗಲ್‌ಗಳಿಗೆ ಹಸಿ ಮೂಳೆ ಕೊಟ್ಟು ನೋಡಿದಾಗ ಎರಡು ವಾರದೊಳಗೆ ಹಲ್ಲಿನ ಹಳದಿ ಪಾಚಿ ಬಹುಪಾಲು ಉದುರಿತ್ತು. ಇನ್ನೊಂದು ಲಾಭ ಮನಸ್ಸಿಗೆ. ಎರಡನೇ ಮಹಡಿಯ ಫ್ಲಾಟಿನಲ್ಲಿ ದಿನವಿಡೀ ಬಾಗಿಲು ನೋಡುವ ನಾಯಿಗೆ ಅದೊಂದು ಕೆಲಸ. ಹಲ್ಲು ಬ್ರಷ್ ಮಾಡಿ, ಬೆಳಿಗ್ಗೆ ಸಂಜೆ ನಡೆಸುವವರಿಗೆ ಮೂಳೆ ಇಲ್ಲದಿದ್ದರೂ ನಡೆಯುತ್ತದೆ.

ಮೂಳೆ ಸಿಕ್ಕಿಕೊಂಡರೆ ಗೊತ್ತಾಗುತ್ತದೆ: ಜೊಲ್ಲು ಸುರಿಯುತ್ತದೆ, ಕತ್ತು ಚಾಚಿ ಚಾಚಿ ನುಂಗುತ್ತದೆ, ಕುಡಿದ ನೀರು ಹಾಗೆಯೇ ವಾಪಸ್ ಬರುತ್ತದೆ. ಮೀನಿನ ಮುಳ್ಳಿಗೆ ನಮ್ಮ ಅಜ್ಜಿಯರು ಮಾಡುತ್ತಿದ್ದಂತೆ ಅನ್ನದ ಉಂಡೆ, ಬಾಳೆಹಣ್ಣು, ಎಣ್ಣೆ ಕೊಡಲೇಬೇಡಿ, ವಾಂತಿ ಮಾಡಿಸಲೂಬೇಡಿ. ಹೀಗೆ ತಳ್ಳಿದರೆ ಅನ್ನನಾಳ ಹರಿಯಬಹುದು. ಗಂಟೆಗಳ ಲೆಕ್ಕದ ಕೆಲಸ ಇದು. ರಾತ್ರಿ ತೆರೆದಿರುವ, ಎಕ್ಸ್‌ರೇ ಇರುವ ಆಸ್ಪತ್ರೆ ನಿಮ್ಮ ಏರಿಯಾಗೆ ಯಾವುದು ಹತ್ತಿರ ಎಂದು ಮೂಳೆ ಕೊಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಕೆಂಗೇರಿಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬಹಳ ದೂರ. ಡಾಕ್ಟರು ಮೂರು ಪ್ರಶ್ನೆ ಕೇಳುತ್ತಾರೆ: ಯಾವ ಮೂಳೆ, ಹಸಿಯದೋ ಬೆಂದದ್ದೋ, ಎಷ್ಟು ಹೊತ್ತಾಯಿತು. ಸರಿಯಾಗಿ ಹೇಳಿ. ಯಾರೂ ನೋಡದಾಗ ಮಾವನವರು ಮೇಜಿನ ಕೆಳಗೆ ಬಿರಿಯಾನಿ ಪೀಸು ಜಾರಿಸಿದ್ದರೆ ಅದನ್ನೂ ಬಾಯಿಬಿಡಿಸಿಕೊಂಡೇ ಆಟೋ ಹತ್ತಿ.