ಊರ ಬಾಯಿ, ಕೋರ್ಟಿನ ಕಿವಿ

‘ಇವನು ಹಿಂದೆ ಕದ್ದವನು, ಅದಕ್ಕೇ ಈಗಲೂ ಇವನೇ ಕದ್ದಿದ್ದಾನೆ’ ಅನ್ನೋ ಮಾತನ್ನು ಕ್ರಿಮಿನಲ್ ಕೋರ್ಟು ಸಾಕ್ಷ್ಯವೆಂದು ಒಪ್ಪಬಾರದು. 1872ರ ಸಾಕ್ಷ್ಯ ಅಧಿನಿಯಮದ 54ನೇ ಕಲಂ ಇದನ್ನೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 49ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಆರೋಪಿ ತಾನು ಒಳ್ಳೆಯವನೆಂದು ಸಾಕ್ಷಿ ತಂದರೆ, ಉತ್ತರವಾಗಿ ಅವನ ಕೆಟ್ಟ ನಡತೆ ಎತ್ತಬಹುದು. ಒಳ್ಳೆಯ ಕಲಂ. ಇದನ್ನು ನಾವು ಬಿಟ್ಟುಕೊಡುವವರಲ್ಲ.

ಆದರೆ ಬರೆದ ಕೈಯನ್ನೂ ನೋಡಬೇಕಲ್ಲ? ಇದನ್ನು ರಚಿಸಿದ ಫಿಟ್ಜ್‌ಜೇಮ್ಸ್ ಸ್ಟೀಫನ್ ಕಾನೂನು ಸದಸ್ಯನಾಗಿದ್ದಾಗಲೇ, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಅಲ್ಲಿ ಹಳೇ ನಡತೆಯೂ ಬೇಕಿರಲಿಲ್ಲ, ಹುಟ್ಟೇ ಸಾಕಾಗಿತ್ತು. ಕಟಕಟೆ ಹತ್ತಿದವನಿಗೆ ಕಲಮಿನ ಕಾವಲು. ಕಟಕಟೆಗೇ ಬಾರದ ಇಡೀ ಕುಲಕ್ಕೆ ಪೊಲೀಸ್ ಹಾಜರಿ! ಅಂಥವರನ್ನು ಕೂಡಿಹಾಕಿದ ಹುಬ್ಬಳ್ಳಿಯ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಆ ಕಾಯಿದೆ 1952ರಲ್ಲಿ ಹೋಯಿತು. ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ನಮ್ಮ ರಾಜ್ಯದ್ದು 1961ರಲ್ಲಿ.

ಕೋರ್ಟಿನ ಒಳಗಾದರೂ ಕಾವಲು ಎಲ್ಲರಿಗೂ ಒಂದೇ ಇತ್ತೇ? 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೆ ಅತ್ಯಾಚಾರವಾಯಿತೆಂದು ಆದಿವಾಸಿ ಹುಡುಗಿಯೊಬ್ಬಳು ದೂರಿದಳು. ಪೊಲೀಸರ ಹಳೇ ನಡತೆ ಕೇಳಲು 54ನೇ ಕಲಂ ಅಡ್ಡ. ದೂರು ಕೊಟ್ಟ ಹೆಣ್ಣಿನ ನಡತೆ ಕೆದಕಲು 155ನೇ ಕಲಂ ಬಾಗಿಲು ತೆರೆದಿಟ್ಟಿತ್ತು. ಸೆಷನ್ಸ್ ಕೋರ್ಟು ಅವಳ ಶೀಲವನ್ನೇ ತೂಗಿತು. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟಿತು. ಆ ಬಾಗಿಲು ಮುಚ್ಚಲು 2002ರ ತಿದ್ದುಪಡಿವರೆಗೆ ಕಾಯಬೇಕಾಯ್ತು.

ಇನ್ನೊಂದು ಬಾಗಿಲು ಮುಚ್ಚಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 110ನೇ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 129 ಆಗಿದೆ. ಅದರ ಪ್ರಕಾರ ‘ರೂಢಿಗತ ಅಪರಾಧಿ’ ಅಂತ ಕರೆದು ಒಳ್ಳೆಯ ನಡತೆಗೆ ಜಾಮೀನು ಕೇಳಬಹುದು. ಜಾಮೀನು ಕೊಡಲಾಗದಿದ್ದರೆ ಜೈಲು. ಇಲ್ಲಿ ಜನ ಏನಂತಾರೆ ಅನ್ನೋದೇ ಸಾಕ್ಷ್ಯವಾಗಬಹುದು! ಒಂದು ಕೇಸಿನಲ್ಲಿ ಬೇಡವೆಂದ ಮಾತು ಇನ್ನೊಂದು ಕೋಣೆಯಲ್ಲಿ ನಡೆಯುತ್ತೆ. ಜನ ಅಂದರೆ ಯಾರು? ಗೌಡರ ಕಟ್ಟೆಯೋ, ನಮ್ಮ ಕೇರಿಯೋ? ಕೂಲಿ ಹೆಚ್ಚು ಕೇಳಿದವನ ಹೆಸರು ಕಟ್ಟೆಯ ಮೇಲೆ ಯಾವತ್ತು ಒಳ್ಳೇದಾಗಿತ್ತು?

ಗೆಳೆಯರೇ, ಮೇಷ್ಟ್ರೇ, ನಿಮ್ಮೂರಲ್ಲಿ ಯಾರಿಗಾದರೂ ಇಂಥ ನೋಟಿಸು ಬಂದರೆ ಅವರ ಜೊತೆ ಹೋಗಿ. ‘ಇವನ ಹೆಸರು ಚೆನ್ನಾಗಿಲ್ಲ’ ಅಂದವರು ಯಾರು, ಯಾವ ಓಣಿಯವರು, ಅವರ ಹೊಲದಲ್ಲಿ ಇವನು ದುಡಿದಿದ್ದನೇ, ಎಲ್ಲಾ ಬರೆದಿಟ್ಟುಕೊಳ್ಳಿ. ಪಾಟೀಸವಾಲಿಗೆ ಬೇಕಾಗುತ್ತೆ.